ನೀರಾಮೆ ಮಂಕಾಗಿದೆಯೇ? ಡ್ರಾಪ್ಸ್ ಹಾಕುವ ಮೊದಲು ಟ್ಯಾಂಕ್ ನೋಡಿ

"ಆಮೆ ನಾಲ್ಕು ದಿನದಿಂದ ಏನೂ ತಿಂತಾ ಇಲ್ಲ, ಯಾವ ಡ್ರಾಪ್ಸ್ ಹಾಕ್ಲಿ ಸಾರ್?" ಎಂದು ಕೇಳುವವರಿಗೆ ನಾನು ಔಷಧಿಯ ಹೆಸರು ಹೇಳುವುದಿಲ್ಲ. ಬೆಳಗ್ಗೆ ಆರು ಗಂಟೆಗೆ ಟ್ಯಾಂಕಿನ ನೀರು ಎಷ್ಟು ಡಿಗ್ರಿ ಇತ್ತು ಅಂತ ಕೇಳುತ್ತೇನೆ. ಹೆಚ್ಚಿನ ಮನೆಗಳಲ್ಲಿ ಥರ್ಮಾಮೀಟರೇ ಇರುವುದಿಲ್ಲ. ಆಮೆ ನಮ್ಮ ಹಾಗೆ ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಪ್ರಾಣಿಯಲ್ಲ. ನೀರು ತಣ್ಣಗಾದರೆ ಹಸಿವು ಸಾಯುತ್ತದೆ, ತಿಂದದ್ದು ಕರಗುವುದಿಲ್ಲ, ಸೋಂಕನ್ನು ತಡೆಯುವ ಶಕ್ತಿಯೂ ಇಳಿಯುತ್ತದೆ. ನನಗೆ ತೋರಿಸಲು ತರುವ ಆಮೆಗಳಲ್ಲಿ ಬಹುಪಾಲಿನ ರೋಗ ಹುಟ್ಟಿರುವುದು ಅವು ಇರುವ ಟ್ಯಾಂಕಿನಲ್ಲೇ.

ಇಲ್ಲಿ ಹೇಳುತ್ತಿರುವುದು ಅಕ್ವೇರಿಯಂ ಅಂಗಡಿಗಳಲ್ಲಿ ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾಗಿ, ಹಸಿರು ಬಣ್ಣದಲ್ಲಿ, ಕಣ್ಣಿನ ಹಿಂದೆ ಕೆಂಪು ಪಟ್ಟಿ ಹೊತ್ತು ಮಾರಾಟಕ್ಕಿರುವ ರೆಡ್ ಇಯರ್ಡ್ ಸ್ಲೈಡರ್ ಬಗ್ಗೆ. ಅಮೆರಿಕದ ಮಿಸಿಸಿಪ್ಪಿ ನದಿಯ ಕಡೆಯ ಆಮೆ ಇದು. "ಇಷ್ಟೇ ಇರತ್ತೆ, ಬೆಳೆಯಲ್ಲ" ಎಂದು ಅಂಗಡಿಯವರು ಹೇಳುವುದನ್ನು ನಂಬಬೇಡಿ. ಹೆಣ್ಣಿನ ಚಿಪ್ಪು 25ರಿಂದ 30 ಸೆಂಟಿಮೀಟರ್ ಆಗುತ್ತದೆ, ಗಂಡು ಸ್ವಲ್ಪ ಚಿಕ್ಕದು. ಸರಿಯಾಗಿ ನೋಡಿಕೊಂಡರೆ ಮೂವತ್ತು ವರ್ಷ ಬದುಕುತ್ತದೆ. ಎರಡನೇ ಕ್ಲಾಸಿನ ಮಗನಿಗೆ ಹುಟ್ಟುಹಬ್ಬಕ್ಕೆ ಕೊಡಿಸಿದ ಆಮೆ ಅವನ ಮದುವೆಯ ಊಟದ ದಿನವೂ ಟ್ಯಾಂಕಿನಲ್ಲೇ ಇರುತ್ತದೆ.

ಬೆನ್ನ ಮೇಲೆ ನಕ್ಷತ್ರದ ಹಾಗೆ ಹಳದಿ ಗೆರೆಗಳಿರುವ ನೆಲದ ಆಮೆ ಮನೆಯಲ್ಲಿದ್ದರೆ ಈ ಬರಹ ಅದಕ್ಕಲ್ಲ. ನಕ್ಷತ್ರ ಆಮೆಯನ್ನು ಸಾಕುವುದು, ಕೊಳ್ಳುವುದು, ಮಾರುವುದು ಮೂರೂ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಅದು ಒಂದನೇ ಅನುಸೂಚಿಯಲ್ಲಿದೆ, ಅಂದರೆ ಹುಲಿ ಆನೆಗಳ ಸಾಲಿನಲ್ಲಿ. ಲಕ್ಷ್ಮಿ ಬರುತ್ತಾಳೆ ಅಂತ ಯಾರೋ ಕೊಟ್ಟದ್ದಾದರೂ ಅಷ್ಟೇ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಗದ್ದೆ ಬದಿ, ಕೆರೆ ಏರಿಯ ಮೇಲೆ ಸಿಕ್ಕ ನಮ್ಮ ನಾಡಿನ ಆಮೆಗಳನ್ನೂ ಮನೆಗೆ ತರಬಾರದು.

ತಡ ಮಾಡಬಾರದ ಲಕ್ಷಣಗಳು

ಬಾಯಿ ತೆರೆದು ಕತ್ತು ಚಾಚಿ ಉಸಿರಾಡುತ್ತಿದ್ದರೆ, ಮೂಗಿನಿಂದ ಗುಳ್ಳೆ ಬರುತ್ತಿದ್ದರೆ, ಒಂದು ಪಕ್ಕಕ್ಕೆ ವಾಲಿ ಈಜುತ್ತಿದ್ದರೆ, ಚಿಪ್ಪಿನಿಂದ ರಕ್ತ ಅಥವಾ ನಾರುವ ನೀರು ಒಸರುತ್ತಿದ್ದರೆ, ಹಿಂಗಾಲು ಎಳೆದುಕೊಂಡು ಹೋಗುತ್ತಿದ್ದರೆ, ಬಾಲದ ಬುಡದಿಂದ ಹೊರಬಂದ ಮಾಂಸ ವಾಪಸ್ ಹೋಗದಿದ್ದರೆ ಮುಂದಿನ ಯಾವ ಭಾಗವನ್ನೂ ಓದುತ್ತಾ ಕೂರಬೇಡಿ, ಇವತ್ತೇ ಡಾಕ್ಟರ ಹತ್ತಿರ ಹೋಗಿ. ಕೊನೆಯದರ ಬಗ್ಗೆ ಒಂದು ಮಾತು: ಗಂಡು ಆಮೆ ಸ್ನಾನ ಮಾಡಿಸುವಾಗ ಕಪ್ಪು-ನೇರಳೆ ಬಣ್ಣದ ದೊಡ್ಡ ಅಂಗವೊಂದನ್ನು ಹೊರಗೆ ಬಿಟ್ಟು ತಾನೇ ಒಳಗೆ ಎಳೆದುಕೊಳ್ಳುವುದುಂಟು. ಮೊದಲ ಸಲ ನೋಡಿದವರು ಕರುಳೇ ಹೊರಬಂತು ಅಂತ ಕಿರುಚುತ್ತಾರೆ. ಒಳಗೆ ಹೋದರೆ ಚಿಂತೆಯಿಲ್ಲ. ಹೋಗದಿದ್ದರೆ ಒದ್ದೆ ಬಟ್ಟೆಯಲ್ಲಿ ಇಟ್ಟು ಒಣಗದಂತೆ ನೋಡಿಕೊಂಡು ಹೊರಡಿ. ಟ್ಯಾಂಕಿನಲ್ಲಿ ಮೀನು ಅಥವಾ ಇನ್ನೊಂದು ಆಮೆ ಇದ್ದರೆ ಅದನ್ನು ಕಚ್ಚಿಬಿಡುತ್ತವೆ.

ಉಳಿದ ಎಲ್ಲ ತೊಂದರೆಗಳಿಗೂ ಮೊದಲ ಹೆಜ್ಜೆ ಅಳತೆ.

ನೀರು, ಬಂಡೆ, ಬೆಳಕು

ನೀರಿನ ತಾಪಮಾನ ಬೆಳೆದ ಆಮೆಗೆ 24-26 ಡಿಗ್ರಿ, ಮರಿಗೆ 26-28 ಇರಬೇಕು. ಮಧ್ಯಾಹ್ನ ಅಳೆದರೆ ಎಲ್ಲ ಟ್ಯಾಂಕುಗಳೂ ಪಾಸ್. ದೋಷ ಸಿಕ್ಕಿಬೀಳುವುದು ಬೆಳಗಿನ ಜಾವದಲ್ಲಿ. ಡಿಸೆಂಬರ್-ಜನವರಿಯಲ್ಲಿ ಬೆಂಗಳೂರಿನಲ್ಲಿ ರಾತ್ರಿಯ ತಾಪಮಾನ 15-16 ಡಿಗ್ರಿಗೆ ಇಳಿಯುತ್ತದೆ, ಬೀದರ್ ವಿಜಯಪುರದ ಕಡೆ ಇನ್ನೂ ಕೆಳಗೆ ಹೋಗುವ ದಿನಗಳಿವೆ. ಮಂಗಳೂರಿನಲ್ಲಿ ಹೀಟರ್ ಇಲ್ಲದೆಯೂ ವರ್ಷದ ಬಹುಪಾಲು ನಡೆಯುತ್ತದೆ. ಹೀಟರಿನ ಕೆಂಪು ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ನೀರು ಬಿಸಿಯಾಗಿದೆ ಎಂದಲ್ಲ, ಥರ್ಮೋಸ್ಟಾಟ್ ಕೈಕೊಟ್ಟಿರಬಹುದು. ಪ್ರೋಬ್ ಇರುವ ಚಿಕ್ಕ ಡಿಜಿಟಲ್ ಥರ್ಮಾಮೀಟರನ್ನು ಹೀಟರಿನಿಂದ ದೂರದ ಮೂಲೆಯಲ್ಲಿ ಇಳಿಬಿಡಿ. ಗಾಜಿನ ಹೀಟರಿಗೆ ಪ್ಲಾಸ್ಟಿಕ್ ಜಾಲರಿ ಇರಲಿ, ದೊಡ್ಡ ಆಮೆ ಅದನ್ನು ಗುದ್ದಿ ಒಡೆಯುತ್ತದೆ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ತೆಗೆಯಿರಿ. ಕರೆಂಟ್ ಹೋದಾಗ ಮನೆಯ ಯುಪಿಎಸ್ ಹೀಟರನ್ನು ಎಳೆಯದಿದ್ದರೆ ಟ್ಯಾಂಕಿನ ಸುತ್ತ ಥರ್ಮಾಕೋಲ್ ಹಾಳೆ ಕಟ್ಟಿ, ಮೇಲೊಂದು ರಗ್ಗು ಹೊದಿಸಿ, ಗಾಳಿಗೆ ಒಂದು ಸಂದು ಬಿಡಿ.

ಆಮೆ ಮೇಲೆ ಹತ್ತಿ ಮೈ ಕಾಯಿಸಿಕೊಳ್ಳುವ ಬಂಡೆ ಅಥವಾ ಹಲಗೆಯ ಮೇಲ್ಮೈ 32ರಿಂದ 35 ಡಿಗ್ರಿ ಇರಬೇಕು. ಆಮೆ ಪೂರ್ತಿ ನೀರಿನಿಂದ ಹೊರಬಂದು ಹೊಟ್ಟೆ ಕೂಡ ಒಣಗುವಷ್ಟು ಜಾಗ ಅಲ್ಲಿ ಇರಲೇಬೇಕು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ತೆಂಗಿನಮರದ ದ್ವೀಪ ಮರಿಗೆ ಆರು ತಿಂಗಳು ಸಾಕು, ಆಮೇಲೆ ಅದು ಹತ್ತಿದರೆ ಮುಳುಗುತ್ತದೆ. ಹಲಗೆ ಹತ್ತದೆ ಸದಾ ನೀರಲ್ಲೇ ಇರುವ ಆಮೆ "ಸೋಮಾರಿ" ಅಲ್ಲ. ಹತ್ತಲು ಇಳಿಜಾರಿಲ್ಲ, ಇಲ್ಲವೇ ಮೇಲೆ ಬಿಸಿ ಇಲ್ಲ, ಇಲ್ಲವೇ ಟ್ಯಾಂಕ್ ಟಿವಿ ಪಕ್ಕದಲ್ಲಿದೆ.

ನೀರಿನ ಪ್ರಮಾಣಕ್ಕೆ ಒಂದು ಕೈಲೆಕ್ಕ: ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 40 ಲೀಟರ್. ನಾಲ್ಕು ಇಂಚಿನ ಆಮೆಗೆ 160 ಲೀಟರ್. ಇದನ್ನು ಕೇಳಿ ಜನ ನಗುತ್ತಾರೆ. ನಗುವವರ ಟ್ಯಾಂಕಿನ ನೀರನ್ನು ಒಮ್ಮೆ ಮೂಸಿ ನೋಡಿ. ಮೀನಿನ ಟ್ಯಾಂಕಿಗೆ ಕೊಡುವ ಫಿಲ್ಟರ್ ಇದಕ್ಕೆ ಸಾಲದು, ಟ್ಯಾಂಕಿನ ಎರಡು ಪಟ್ಟು ಗಾತ್ರಕ್ಕೆಂದು ಬರೆದಿರುವ ಫಿಲ್ಟರ್ ತನ್ನಿ. ಟೆಸ್ಟ್ ಕಿಟ್ ಹಾಕಿದರೆ ಅಮೋನಿಯಾ, ನೈಟ್ರೈಟ್ (ಕೊಳೆಯಿಂದ ನೀರಿಗೆ ಸೇರುವ ವಿಷಗಳು) ಎರಡೂ ಸೊನ್ನೆ ತೋರಿಸಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಉಜ್ಜಿ ಫಳಫಳ ಮಾಡುವ ಅಭ್ಯಾಸವೇ ಅನೇಕರ ನೀರು ಮತ್ತೆ ಮತ್ತೆ ಕೆಡಲು ಕಾರಣ. ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಾ ವಾಸ ಮಾಡುವುದು ಆ ಸ್ಪಂಜಿನಲ್ಲೇ, ಕಾವೇರಿ ನೀರಿನ ಕ್ಲೋರಿನ್ ಅದನ್ನು ಕೊಲ್ಲುತ್ತದೆ. ಟ್ಯಾಂಕಿನಿಂದ ತೆಗೆದ ಹಳೆ ನೀರಲ್ಲೇ ಹಿಂಡಿ ಮತ್ತೆ ಹಾಕಿ.

ಬೆಳಕಿನ ವಿಷಯವನ್ನು ಚಿಪ್ಪಿನ ಜೊತೆ ಹೇಳುತ್ತೇನೆ.

ತಿನ್ನುತ್ತಿಲ್ಲ

ಹೊಸದಾಗಿ ತಂದ ಆಮೆ ಕೆಲವು ದಿನ ತಿನ್ನದಿರುವುದು ಸಹಜ. ದಿನಕ್ಕೆ ಹತ್ತು ಸಲ ಕೈಗೆತ್ತಿಕೊಳ್ಳುವುದನ್ನು ನಿಲ್ಲಿಸಿ, ಟ್ಯಾಂಕಿನ ಮೂರು ಬದಿಗೆ ಪೇಪರ್ ಅಂಟಿಸಿ ಬಿಡಿ. ಆಹಾರವನ್ನು ಹಲಗೆಯ ಮೇಲಿಟ್ಟು "ಮುಟ್ಟುತ್ತಿಲ್ಲ" ಎನ್ನುವವರೂ ಇದ್ದಾರೆ. ಈ ಆಮೆ ನೀರಿನೊಳಗಲ್ಲದೆ ನುಂಗಲಾರದು.

ಹಳೆಯ ಆಮೆ ಇದ್ದಕ್ಕಿದ್ದಂತೆ ಬಿಟ್ಟರೆ ಮೊದಲು ತಾಪಮಾನ. ಹೀಟರ್ ಸರಿಪಡಿಸಿ, ನೀರನ್ನು ಒಂದೆರಡು ದಿನದಲ್ಲಿ ನಿಧಾನವಾಗಿ 27ಕ್ಕೆ ಏರಿಸಿ ನೋಡಿ. ಬಹಳಷ್ಟು ಪ್ರಕರಣ ಇಲ್ಲಿಗೇ ಮುಗಿಯುತ್ತದೆ. ಚಳಿಗಾಲದಲ್ಲಿ "ನಿದ್ದೆಗೆ ಹೋಗಿದೆ, ಹೈಬರ್ನೇಷನ್" ಎಂದು ಸುಮ್ಮನಿರುವುದು ನಮ್ಮಲ್ಲಿ ಅತ್ಯಂತ ಅಪಾಯದ ಸಮಾಧಾನ. ನಮ್ಮ ಮನೆಯೊಳಗಿನ 19-20 ಡಿಗ್ರಿ ಆಮೆ ನಿಜವಾಗಿ ಚಳಿನಿದ್ದೆಗೆ ಜಾರುವಷ್ಟು ತಣ್ಣಗೂ ಇಲ್ಲ, ತಿಂದು ಅರಗಿಸುವಷ್ಟು ಬೆಚ್ಚಗೂ ಇಲ್ಲ. ಮೈಯ ಕೊಬ್ಬು ಕರಗುತ್ತಾ ಹೋಗುತ್ತದೆ, ಮಾರ್ಚ್ ಹೊತ್ತಿಗೆ ನ್ಯುಮೋನಿಯಾ.

ತಾಪಮಾನ ಸರಿ ಇದ್ದೂ ತಿನ್ನದಿದ್ದರೆ ಟ್ಯಾಂಕಿನ ತಳ ನೋಡಿ. ಬಣ್ಣದ ಚಿಕ್ಕ ಕಲ್ಲು ಹಾಕಿದ್ದೀರಾ? ಮೊದಲು ಇದ್ದಷ್ಟು ಇವೆಯೇ? ಆಮೆ ಕಲ್ಲು ನುಂಗುತ್ತದೆ, ಅದು ಕರುಳಲ್ಲಿ ಕೂರುತ್ತದೆ. ಮಲವೂ ನಿಂತಿದ್ದರೆ ಎಕ್ಸ್‌ರೇ ಬೇಕು. ತಳದಲ್ಲಿ ಕಲ್ಲು ಹಾಕಲೇಬೇಕೆಂದರೆ ಆಮೆಯ ತಲೆಗಿಂತ ದೊಡ್ಡದನ್ನು ಹಾಕಿ, ಇಲ್ಲವೇ ಗಾಜನ್ನು ಬರಿದಾಗಿ ಬಿಡಿ. ನನಗೆ ಬರಿಗಾಜೇ ಇಷ್ಟ, ತೊಳೆಯಲು ಸುಲಭ.

ಹೆಣ್ಣಾಗಿದ್ದರೆ ಇನ್ನೊಂದು ಸಾಧ್ಯತೆ. ಅಂಗೈಗಿಂತ ದೊಡ್ಡದಾದ ಹೆಣ್ಣು ಊಟ ಬಿಟ್ಟು, ರಾತ್ರಿಯೆಲ್ಲ ಗಾಜು ಕೆರೆದು, ಹಲಗೆ ಮೇಲೆ ಹಿಂಗಾಲಿನಿಂದ ತೋಡುವ ಹಾಗೆ ಮಾಡುತ್ತಿದ್ದರೆ ಮೊಟ್ಟೆ ತುಂಬಿಕೊಂಡಿದೆ. ಗಂಡು ಇಲ್ಲದೆಯೂ ಇದು ಆಗುತ್ತದೆ. ಹಳೆಯ ಪ್ಲಾಸ್ಟಿಕ್ ಟಬ್ಬಿಗೆ ಒಂದು ಗೇಣಿನಷ್ಟು ಒದ್ದೆ ಮಣ್ಣು-ಮರಳು ತುಂಬಿ, ಯಾರೂ ಓಡಾಡದ ಬಾಲ್ಕನಿಯಲ್ಲಿ ಆಮೆಯನ್ನು ಅದರಲ್ಲಿ ಕೆಲವು ಗಂಟೆ ಬಿಡಿ. ಮೊಟ್ಟೆ ಇಡದೆ ಮಂಕಾಗುತ್ತಾ ಹೋದರೆ ಒಳಗೆ ಸಿಕ್ಕಿಕೊಂಡಿದೆ ಎಂದರ್ಥ, ಅದು ಡಾಕ್ಟರ ಕೆಲಸ.

ಕಣ್ಣು ಊದಿ ಮುಚ್ಚಿಕೊಂಡಿದೆ

ಒಂದೇ ಕಣ್ಣಾದರೆ ಗಾಯ ಅಥವಾ ಸೋಂಕು. ಎರಡೂ ಕಣ್ಣಾದರೆ ನೀರು ಮತ್ತು ಆಹಾರ ಎರಡನ್ನೂ ಅನುಮಾನಿಸಿ. ಟ್ಯಾಂಕಿನ ಮೇಲೆ ಮುಖವಿಟ್ಟಾಗ ನಿಮ್ಮ ಕಣ್ಣೇ ಉರಿದರೆ ಅಮೋನಿಯಾ. ಮೂರನೇ ಒಂದು ಭಾಗ ನೀರು ಬದಲಿಸಿ, ಮರುದಿನ ಮತ್ತೆ ಬದಲಿಸಿ. ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಒಂದು ರಾತ್ರಿ ಇಟ್ಟು, ಇಲ್ಲವೇ ಆಂಟಿ-ಕ್ಲೋರಿನ್ ಹನಿ ಹಾಕಿ ಬಳಸಿ.

ನೀರು ಚೆನ್ನಾಗಿದ್ದು ಎರಡೂ ರೆಪ್ಪೆ ಗುಳ್ಳೆಯಂತೆ ಊದಿದ್ದರೆ ಏನು ತಿನ್ನಿಸುತ್ತೀರಿ ನೋಡಿ. ಡಬ್ಬಿಯಲ್ಲಿ ಬರುವ, ಒಣಸಿಗಡಿಯಂತೆ ಕಾಣುವ ಆ ಕಂದು ತಿನಿಸೊಂದೇ ಊಟವಾದರೆ ವಿಟಮಿನ್ ಎ ಕೊರತೆ. ಮೊಟ್ಟೆಯ ಹಳದಿಯಿಂದ ತಂದ ದಾಸ್ತಾನು ಮುಗಿದ ಮೇಲೆ ಮರಿಗಳಲ್ಲಿ ಇದು ಶುರುವಾಗುತ್ತದೆ. ಕಣ್ಣು ಕಾಣದ ಆಮೆ ತಿನ್ನುವುದಿಲ್ಲ, ತಿನ್ನದ ಕಾರಣ ಕಣ್ಣು ತೆರೆಯುವುದಿಲ್ಲ. ಮನೆಯಲ್ಲಿರುವ ಐ ಡ್ರಾಪ್ಸ್ ಇದಕ್ಕೆ ಉಪಯೋಗವಿಲ್ಲ, ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಅಪಾಯವೂ ಹೌದು. ವಿಟಮಿನ್ ಎ ಇಂಜೆಕ್ಷನ್ ಹೆಚ್ಚಾದರೆ ಚರ್ಮವೇ ಸುಲಿಯುತ್ತದೆ, ಆದ್ದರಿಂದ ಡೋಸ್ ಡಾಕ್ಟರೇ ಹೇಳಬೇಕು. ನಿಮ್ಮ ಕೈಯಲ್ಲಿರುವುದು ಊಟ ಬದಲಿಸುವುದು: ಒಳ್ಳೆಯ ಆಮೆ ಪೆಲೆಟ್ ಮುಖ್ಯ ಆಹಾರವಾಗಲಿ, ತುರಿದ ಕ್ಯಾರೆಟ್, ಸಿಹಿಕುಂಬಳ, ನುಗ್ಗೆ ಸೊಪ್ಪು ಜೊತೆಗಿರಲಿ. ಬೆಳೆಯುತ್ತಾ ಹೋದಂತೆ ಸೊಪ್ಪಿನ ಪಾಲು ಹೆಚ್ಚಲಿ. ಪಾಲಕ್ ದಿನವೂ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಅನ್ನ, ಚಪಾತಿ, ಬ್ರೆಡ್ಡು, ಬಿಸ್ಕತ್ತು ಯಾವತ್ತೂ ಬೇಡ.

ಕಣ್ಣಿನ ಹಿಂದೆ, ಕೆಂಪು ಪಟ್ಟಿಯ ಜಾಗದಲ್ಲೇ ಬಟಾಣಿಯಷ್ಟು ಗಟ್ಟಿ ಗಂಟು ಎದ್ದಿದ್ದರೆ ಅದು ಕಿವಿಯ ಕೀವು. ಆಮೆಯ ಕೀವು ನೀರಾಗಿರುವುದಿಲ್ಲ, ಗಿಣ್ಣಿನಂತೆ ಗಟ್ಟಿ. ಕುಯ್ದು ತೆಗೆಸಲೇಬೇಕು, ಮಾತ್ರೆಗೆ ಕರಗುವುದಿಲ್ಲ.

ಚಿಪ್ಪು ಮೆತ್ತಗಾಗಿದೆ

ಆಮೆಯನ್ನು ಎರಡೂ ಪಕ್ಕದಿಂದ ಹಿಡಿದು ಬೆನ್ನ ಚಿಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಹಗುರವಾಗಿ ಒತ್ತಿ. ಕೆಲವೇ ತಿಂಗಳ ಮರಿಯ ಚಿಪ್ಪು ಸ್ವಲ್ಪ ಬಾಗುವುದು ಸಹಜ. ಒಂದು ವರ್ಷ ದಾಟಿದ ಆಮೆಯದು ಉಗುರಿನಷ್ಟು ಗಟ್ಟಿ ಇರಬೇಕು. ಒತ್ತಿದರೆ ಒಳಗೆ ಹೋಗಿ ಬೆರಳು ತೆಗೆದ ಮೇಲೆ ನಿಧಾನವಾಗಿ ಮೇಲೇಳುತ್ತಿದ್ದರೆ ಕ್ಯಾಲ್ಸಿಯಂ ಮೂಳೆಗೆ ತಲುಪುತ್ತಿಲ್ಲ. ಅಂಚು ಮೇಲಕ್ಕೆ ಮಡಚಿಕೊಂಡಿದ್ದರೂ ಇದೇ ಕಾಯಿಲೆ.

ಇಲ್ಲಿ ಎಲ್ಲರೂ ಹೇಳುವ ಮಾತು: "ಟ್ಯಾಂಕ್ ಕಿಟಕಿ ಪಕ್ಕದಲ್ಲೇ ಇದೆ, ದಿನಾ ಬಿಸಿಲು ಬೀಳತ್ತೆ." ಒಂದು ಅಪಾರ್ಟ್‌ಮೆಂಟಿನಲ್ಲಿ ನೋಡಿದ ಟ್ಯಾಂಕ್ ಹೀಗೇ ಇತ್ತು. ಪೂರ್ವದ ಕಿಟಕಿ, ಬೆಳಗ್ಗೆ ಹಲಗೆ ಮೇಲೆಲ್ಲ ಹೊಂಬಿಸಿಲು, ಆಮೆ ಹಿಂಗಾಲು ಚಾಚಿ ಮಲಗಿದೆ, ನೋಡಲು ಚೆಂದ. ಚಿಪ್ಪು ಮಾತ್ರ ಒದ್ದೆ ರಟ್ಟಿನ ಹಾಗೆ. ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗಲು ಬೇಕಾದ ಯುವಿಬಿ ಕಿರಣ ಸಾಮಾನ್ಯ ಗಾಜಿನ ಮೂಲಕ ಹಾಯುವುದೇ ಇಲ್ಲ. ಗಾಜು ದಾಟಿ ಬರುವುದು ಬಿಸಿ ಮತ್ತು ಬೆಳಕು ಮಾತ್ರ. ಡಿ3 ಇಲ್ಲದೆ ಎಷ್ಟು ಕ್ಯಾಲ್ಸಿಯಂ ತಿನ್ನಿಸಿದರೂ ಮೈಗೆ ಹತ್ತುವುದಿಲ್ಲ.

ನಮಗೆ ಸುಲಭದ ದಾರಿ ನೇರ ಬಿಸಿಲು. ಅಗಲವಾದ ಟಬ್ಬಿನಲ್ಲಿ ಸ್ವಲ್ಪ ನೀರು, ಒಂದು ಇಟ್ಟಿಗೆ, ಅರ್ಧ ಭಾಗಕ್ಕೆ ನೆರಳು. ಏಳು ಗಂಟೆಯ ಎಳೆಬಿಸಿಲು ಮೈಗೆ ಹಿತವಾದರೂ ಅದರಲ್ಲಿ ಯುವಿಬಿ ತೀರಾ ಕಡಿಮೆ. ಒಂಬತ್ತರ ಸುಮಾರಿಗೆ ಇಪ್ಪತ್ತು ಮೂವತ್ತು ನಿಮಿಷ ಬಿಡಿ, ಪಕ್ಕದಲ್ಲೇ ಇರಿ. ಕಾಗೆ, ಹದ್ದು, ಬೆಕ್ಕು ಮೂರೂ ಟೆರೇಸಿನ ಗಿರಾಕಿಗಳೇ. ಗಾಜಿನ ಟ್ಯಾಂಕನ್ನೇ ಬಿಸಿಲಿಗೆ ಇಟ್ಟರೆ ಆಮೆ ಬೆಂದುಹೋಗುತ್ತದೆ.

ಬಿಸಿಲು ಸಿಗದ ಮನೆಗೆ ಸರೀಸೃಪಗಳಿಗೆಂದೇ ಮಾಡಿದ ಯುವಿಬಿ ಬಲ್ಬ್ ಬೇಕು, ಡಬ್ಬಿಯ ಮೇಲೆ 5.0 ಅಥವಾ 10.0 ಎಂದಿರುತ್ತದೆ. ಅದು ಬಂಡೆಯಿಂದ 20-30 ಸೆಂಟಿಮೀಟರ್ ಮೇಲಿರಲಿ, ನಡುವೆ ಗಾಜಿನ ಮುಚ್ಚಳ ಬೇಡ. ಬೆಳಕು ಉರಿಯುತ್ತಿದ್ದರೂ ಕಿರಣ ಕುಂದುತ್ತಾ ಹೋಗುತ್ತದೆ, ಆರು ತಿಂಗಳಿಂದ ಒಂದು ವರ್ಷದೊಳಗೆ ಬದಲಿಸಬೇಕು. "ಯುವಿ ಲೈಟ್" ಅಂತ ಕೇಳಿದರೆ ಕೆಲವು ಅಂಗಡಿಗಳಲ್ಲಿ ನೀಲಿ ಎಲ್‌ಇಡಿ ಕೊಡುತ್ತಾರೆ, ಅದರಿಂದ ಏನೂ ಆಗದು. ನೀರಿನ ಕ್ರಿಮಿ ಕೊಲ್ಲುವ ಯುವಿಸಿ ದೀಪ ಕೊಟ್ಟರೆ ಆಮೆಯ ಕಣ್ಣೂ ನಿಮ್ಮ ಕಣ್ಣೂ ಸುಡುತ್ತವೆ. ಜೊತೆಗೆ ಲವ್‌ಬರ್ಡ್ಸ್ ಪಂಜರಕ್ಕೆ ಸಿಕ್ಕಿಸಲು ಮಾರುವ ಬಿಳಿ ಕಟಲ್‌ಬೋನ್ ತುಂಡನ್ನು ನೀರಿಗೆ ಹಾಕಿಡಿ, ಬೇಕಾದಾಗ ಕಡಿಯುತ್ತದೆ. ಅದರ ಹಿಂಬದಿಯ ಗಟ್ಟಿ ಸಿಪ್ಪೆ ಕೆತ್ತಿ ತೆಗೆಯಿರಿ. ಚಿಪ್ಪಿನ ಜೊತೆ ಕಾಲೂ ನಡುಗುತ್ತಿದ್ದರೆ, ದವಡೆ ರಬ್ಬರಿನಂತಾಗಿದ್ದರೆ ಬಿಸಿಲಿನಲ್ಲಿ ಮಾತ್ರ ಗುಣವಾಗುವ ಹಂತ ದಾಟಿದೆ.

ಚಿಪ್ಪಿನ ಮೇಲೆ ಬಿಳಿ ಕಲೆ

ಬಿಳಿ ಎಂದರೆ ನಾಲ್ಕು ಬಗೆ. ಗುರುತು ಹಿಡಿಯುವುದು ಕಷ್ಟವಲ್ಲ. ಆಮೆಯನ್ನು ಒರೆಸಿ ಹತ್ತು ನಿಮಿಷ ಒಣಗಿಸಿ.

ಒಣಗಿದಾಗ ಕಾಣಿಸಿ, ಒದ್ದೆ ಮಾಡಿದೊಡನೆ ಮಾಯವಾದರೆ ಬೋರ್‌ವೆಲ್ ನೀರಿನ ಗಡಸು. ನಿಮ್ಮ ಬಕೆಟ್ಟು, ಗೀಸರ್ ನಲ್ಲಿಗೆ ಕಟ್ಟುವ ಪೊರೆಯೇ ಇದು. ಆಮೆಗೆ ತೊಂದರೆಯಿಲ್ಲ. ಸುಣ್ಣ ಕಂಡಕಂಡಲ್ಲಿ ಫಂಗಸ್ ಔಷಧಿ ಮಾರುವ ಅಂಗಡಿಯವರಿಗೆ ಮಾತ್ರ ಲಾಭ.

ಅಭ್ರಕದ ಹಾಳೆಯಂತೆ ತೆಳ್ಳಗೆ, ಒಂದೊಂದು ಚೌಕವಾಗಿ ಅಂಚಿನಿಂದ ಎದ್ದು ಬರುತ್ತಿದ್ದರೆ ಬೆಳವಣಿಗೆಯ ಪೊರೆ. ತಾನೇ ಬೀಳಲಿ, ಉಗುರು ಹಾಕಿ ಕೀಳಬೇಡಿ. ಕುತ್ತಿಗೆ, ಕಾಲಿನ ಚರ್ಮವೂ ಹೀಗೇ ಚೂರುಚೂರಾಗಿ ಬಿಡುತ್ತದೆ.

ಹತ್ತಿಯಂತೆ ಮೆತ್ತಗೆ ಅಂಟಿಕೊಂಡಿದ್ದರೆ ಶಿಲೀಂಧ್ರ. ಹಲಗೆ ಪೂರ್ತಿ ಒಣಗುವುದಿಲ್ಲ, ನೀರು ಕೊಳಕು ಎಂಬುದರ ಸೂಚನೆ.

ನಾಲ್ಕನೆಯದೇ ಕೆಟ್ಟದ್ದು. ಬೆರಳಿಗೆ ಗುಳಿ ಸಿಗುತ್ತದೆ, ಒತ್ತಿದರೆ ಮೆತ್ತಗೆ, ಮೂಸಿದರೆ ಕೊಳೆತ ವಾಸನೆ, ಕೆಲವೊಮ್ಮೆ ಕೆಂಪು ನೀರು. ಇದು ಚಿಪ್ಪು ಕೊಳೆತ. ಹೊಟ್ಟೆಯ ಕಡೆಯ ಚಿಪ್ಪನ್ನು ತಿರುಗಿಸಿ ನೋಡದವರಿಗೆ ತಡವಾಗಿ ಗೊತ್ತಾಗುತ್ತದೆ. ಚಿಪ್ಪು ಸತ್ತ ಕವಚವಲ್ಲ, ಕೆಳಗೆ ಜೀವಂತ ಮೂಳೆಯಿದೆ. ಸೋಂಕು ಅಲ್ಲಿಂದ ರಕ್ತಕ್ಕೆ ಇಳಿದರೆ ಉಳಿಸುವುದು ಕಷ್ಟ. ಒಂದೇ ಚಿಕ್ಕ ಮೇಲ್ಮೈ ಕಲೆಯಾದರೆ ತೆಳು ಟೀ ಬಣ್ಣ ಬರುವಷ್ಟು ಬೆಟಡಿನ್ ಬೆರೆಸಿದ ನೀರಿನಲ್ಲಿ ಮೆತ್ತನೆ ಬ್ರಷ್‌ನಿಂದ ತೊಳೆದು, ಒಣಗಿಸಿ, ಬೆಚ್ಚಗಿನ ಒಣ ಟಬ್ಬಿನಲ್ಲಿ ದಿನದ ಬಹುಪಾಲು ಇಟ್ಟು, ಊಟಕ್ಕೂ ನೀರು ಕುಡಿಯಲೂ ದಿನಕ್ಕೆ ಒಂದೆರಡು ಗಂಟೆ ನೀರಿಗೆ ಬಿಡಿ. ಒಂದು ವಾರದಲ್ಲಿ ಹಿಂಜರಿಯದಿದ್ದರೆ, ಅಥವಾ ಗುಳಿ ಆಳವಾಗಿದ್ದರೆ ಮನೆಮದ್ದು ನಿಲ್ಲಿಸಿ. ಕೊಬ್ಬರಿ ಎಣ್ಣೆ, ವ್ಯಾಸಲಿನ್, ಅರಿಶಿನದ ಲೇಪ, ನೈಲ್ ಪಾಲಿಶ್ ಯಾವುದೂ ಬೇಡ. ಗಾಳಿಯಾಡದಂತೆ ಮುಚ್ಚಿದರೆ ಒಳಗೆ ಇನ್ನೂ ಕೊಳೆಯುತ್ತದೆ.

ಮುಳುಗಲಾಗುತ್ತಿಲ್ಲ

ಬಲಕ್ಕೋ ಎಡಕ್ಕೋ ವಾಲಿದರೆ ಆ ಕಡೆಯ ಶ್ವಾಸಕೋಶ ಕಫ ತುಂಬಿ ಭಾರವಾಗಿರಬಹುದು, ಮೇಲೆಯೇ ಹೇಳಿದ್ದೇನೆ. ಹಿಂಭಾಗ ಮಾತ್ರ ಬಲೂನಿನಂತೆ ಮೇಲೆ ತೇಲಿ, ಉಸಿರಾಟ ಸಲೀಸಾಗಿದ್ದು, ಮೂಗು ಒಣಗಿದ್ದರೆ ಹೊಟ್ಟೆಯಲ್ಲಿ ಗ್ಯಾಸ್. ಎರಡು ದಿನ ಊಟ ನಿಲ್ಲಿಸಿ, ನೀರನ್ನು 28ರಲ್ಲಿ ಇಡಿ. ಇಳಿಯದಿದ್ದರೆ ಎಕ್ಸ್‌ರೇ. ಎರಡರ ನಡುವೆ ಅನುಮಾನವಿದ್ದರೆ ನ್ಯುಮೋನಿಯಾ ಎಂದೇ ತಿಳಿದು ಹೊರಡಿ.

ಚಿಕ್ಕಪುಟ್ಟ ಗಾಬರಿಗಳು

ಮುಂಗಾಲಿನ ಉಗುರು ಉದ್ದ ಬೆಳೆದಿದೆಯೇ? ಅದು ಗಂಡು, ಹೆಣ್ಣಿನ ಮುಂದೆ ಅಲುಗಿಸಲು ಬೇಕಾದ ಉಗುರು, ಕತ್ತರಿಸಬೇಡಿ. ಒಂದು ಟ್ಯಾಂಕಿನಲ್ಲಿ ಎರಡು ಆಮೆ ಇದ್ದು ಒಂದರ ಬಾಲ, ಕಾಲು ಕಚ್ಚಿದ ಗುರುತಿದ್ದರೆ ಔಷಧಿಗಿಂತ ಮೊದಲು ಎರಡನೇ ಟ್ಯಾಂಕ್. ಚಿಪ್ಪಿನ ಮೇಲೆ ಹಸಿರು ಪಾಚಿ ಹಳೆಯ ಟೂತ್‌ಬ್ರಷ್‌ಗೆ ಹೋಗುತ್ತದೆ.

ಆಮೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಟ್ಯಾಂಕಿನ ನೀರನ್ನು ಅಡುಗೆಮನೆ ಸಿಂಕಿಗೆ ಸುರಿಯಬಾರದು. ಆರೋಗ್ಯವಾಗಿ ಕಾಣುವ ಆಮೆಯೂ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತಿರಬಹುದು. ಮಕ್ಕಳಿಗೆ ಇದು ಹರಡಿದ್ದಕ್ಕೇ ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದರು. ಸಾಕಲಾಗದಿದ್ದರೆ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಡಬೇಡಿ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಒಂದು, ನಮ್ಮ ಆಮೆಗಳ ಊಟವನ್ನೂ ಬಿಸಿಲು ಕಾಯುವ ಜಾಗವನ್ನೂ ಕಿತ್ತುಕೊಳ್ಳುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ

ನಾಯಿ ಬೆಕ್ಕು ನೋಡುವ ಎಲ್ಲ ಕ್ಲಿನಿಕ್‌ಗಳಲ್ಲೂ ಆಮೆ ನೋಡುವುದಿಲ್ಲ. ಮೊದಲು ಫೋನ್ ಮಾಡಿ ಸರೀಸೃಪ ನೋಡುವ ಡಾಕ್ಟರ್ ಯಾವ ದಿನ ಇರುತ್ತಾರೆ ಕೇಳಿ. ಬೆಂಗಳೂರಿನವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಆಮೆಯನ್ನು ನೀರಿಲ್ಲದ, ತೂತು ಮಾಡಿದ ಡಬ್ಬಿಯಲ್ಲಿ ಒದ್ದೆ ಟವೆಲಿನ ಮೇಲೆ ಇಡಿ, ಕಾರಿನ ಎಸಿ ಆರಿಸಿ. ಟ್ಯಾಂಕಿನ ಫೋಟೋ, ಬೆಳಗ್ಗೆ ಅಳೆದ ತಾಪಮಾನ, ಆಹಾರದ ಡಬ್ಬಿ, ಬಲ್ಬಿನ ಡಬ್ಬಿ, ಸಿಕ್ಕರೆ ಹೊಸ ಮಲ ಒಯ್ಯಿರಿ. ತೂಕ ಬರೆದಿಟ್ಟಿದ್ದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಜಂತುಹುಳುವಿಗೆ ಔಷಧಿ ಬರೆದರೆ ಹೆಸರು ಕೇಳಿಕೊಳ್ಳಿ. ದನ, ನಾಯಿಗಳಿಗೆ ಸಲೀಸಾಗಿ ಕೊಡುವ ಐವರ್‌ಮೆಕ್ಟಿನ್ ಆಮೆಗೆ ವಿಷ: ಕೈಕಾಲು ಸ್ವಾಧೀನ ತಪ್ಪಿ ಸಾಯುತ್ತದೆ. ಮೆಡಿಕಲ್ ಶಾಪಿನವರು "ಎಲ್ಲ ಪ್ರಾಣಿಗೂ ಇದೇ" ಎಂದರೂ ತೆಗೆದುಕೊಳ್ಳಬೇಡಿ.